ಬಟ್ಟೆ ಮೇಲೂ ಹಾಡಾ?

ಪ್ರಶ್ನೆ: ಡಿಗ್ರಿ ಓದೋ ನನ್ನ ಮಗ ಇಡೀ ದಿನ ಶೂ, ಜೀನ್ಸು, ಕೂಲಿಂಗ್ ಗ್ಲಾಸಿನ ಹಾಡುಗಳನ್ನೇ ಹಾಕ್ಕೊಂಡು ಕೂರ್ತಾನೆ. ತೊಡೋ ಬಟ್ಟೆ ಮೇಲೆ ಹಾಡು ಕಟ್ಟೋವಂಥದ್ದು ಏನಿದೆ? ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಇತ್ತಮ್ಮ. ‘ಭಾಗ್ಯದ ಬಳೆಗಾರ’ ನೀವೂ ಹಾಡಿರ್ತೀರಿ. ಅಚ್ಚ ಕೆಂಪಿನ ಬಳೆ, ಹಸಿರು ಗೀರಿನ ಬಳೆ ಅಂದ್ರೆ ಹಡೆದವ್ವನಿಗೆ ಆಸೆ ಅಂತ ಕೊಟ್ಟ ಮನೆಯಲ್ಲಿರೋ ಮಗಳಿಗೆ ನೆನಪಿದೆ. ಬಣ್ಣದ ಸಮೇತ ನೆನಪಿದೆ. ಆ ಸಾಲು ಬಂದಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತೆ.

ಚಿಂತಾಮಣಿಯಲ್ಲಿ 31 ವರ್ಷದಿಂದ ಹೊಲಿಗೆ ಮೆಷಿನ್ ತುಳೀತಿದ್ದೀನಿ, ಪಕ್ಕದಲ್ಲಿ ರೇಡಿಯೊ ಇಟ್ಕೊಂಡು. ನಾನು ಕಂಡಂತೆ, ಒಂದೇ ಒಂದು ಒಳ್ಳೆ ಜೊತೆ ಬಟ್ಟೆ ಇರೋರಿಗೇ ಅದರ ಮೇಲೆ ಹಾಡು ಬರೋದು. ಅಮೆರಿಕದ ಕಾರ್ಲ್ ಪರ್ಕಿನ್ಸ್ ಬಡ ಗೇಣಿದಾರನ ಮಗ, ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿದವನು. ಏನಾದ್ರೂ ಮಾಡ್ಕೊ, ನನ್ನ ನೀಲಿ ಶೂ ಮಾತ್ರ ತುಳೀಬೇಡ ಅನ್ನೋ ‘ಬ್ಲೂ ಸ್ವೇಡ್ ಶೂಸ್’ ಹಾಡನ್ನ ಅವನು ರೆಕಾರ್ಡ್ ಮಾಡಿದ್ದು 1955ರಲ್ಲಿ. ಅದೇ ವರ್ಷ ‘ಶ್ರೀ 420’ ಅನ್ನೋ ಹಿಂದಿ ಸಿನಿಮಾ ಬಂತು. ಅದರಲ್ಲಿ ಶೈಲೇಂದ್ರ ಬರೆದು ಮುಖೇಶ್ ಹಾಡಿದ್ದು: ಜಪಾನಿನ ಬೂಟು, ಇಂಗ್ಲಿಷ್ ಪ್ಯಾಂಟು, ತಲೆ ಮೇಲೆ ರಷ್ಯಾದ ಕೆಂಪು ಟೋಪಿ, ಆದರೂ ಹೃದಯ ಮಾತ್ರ ಹಿಂದೂಸ್ತಾನಿ. ಹಾಡೋ ಪಾತ್ರ ಕೆಲಸ ಹುಡುಕ್ಕೊಂಡು ಮುಂಬೈಗೆ ಹೊರಟ ಬಡವ.

ಬೆಲೆ ಎಣಿಸೋ, ಬ್ರ್ಯಾಂಡ್ ಹೆಸರು ಕೂಗೋ ಹಾಡುಗಳು ನನಗೂ ಹಿಡಿಸಲ್ಲ.

ಹೋದ ವರ್ಷ ನಿಮ್ಮೂರಿನ ಹುಡುಗನೊಬ್ಬ ಬಂದಿದ್ದ, ರೇಷ್ಮೆ ರೀಲಿಂಗ್ ಕೆಲಸದವನು. ಬಿಸಿನೀರಲ್ಲಿ ಗೂಡು ಆಡಿಸಿ ಆಡಿಸಿ ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕಾಗಿತ್ತು. ಅಕ್ಕನ ಮದುವೆಗೆ ಬಿಳಿ ಶರ್ಟು ಬೇಕಿತ್ತು. “ಅಣ್ಣಾ, ಕಾಲರ್‌ಗೆ ಬಕ್ರಂ ಗಟ್ಟಿಯಾಗಿ ಹಾಕಿ, ನಿಲ್ಲಬೇಕು” ಅಂದ. ಟ್ರಯಲ್‌ಗೆ ಬಂದವನು ಕನ್ನಡಿ ಮುಂದೆ ಮೇಲಿನ ಗುಂಡಿ ಹಾಕ್ದ, ಬಿಚ್ಚಿದ, ಮತ್ತೆ ಹಾಕ್ದ. ಆಮೇಲೆ ಕತ್ತೆತ್ತಿ ನಿಂತ. ರೇಡಿಯೊದಲ್ಲಿ ಬರ್ತಿದ್ದ ಹಾಡಿಗೆ ಮೆಲ್ಲಗೆ ದನಿ ಕೂಡಿಸ್ದ. ಬಂದಾಗ ನನ್ನ ಮುಖ ನೋಡಿ ಮಾತಾಡೋಕೂ ಹಿಂಜರಿದಿದ್ದ ಹುಡುಗ ಅವನು.

ನಿಮ್ಮ ಮಗನ ಪಕ್ಕ ಒಂದು ಸಂಜೆ ಕೂತು, ಯಾವ ಹಾಡು ಯಾಕೆ ಇಷ್ಟ ಅಂತ ಕೇಳಿ. ಹಾಗೇ ಅವನಿಗೊಂದು ಶರ್ಟು ಅಳತೆ ಕೊಟ್ಟು ಹೊಲಿಸಿ. ತುಂಬುತೋಳಿಗೆ 36 ಇಂಚು ಪನ್ನದ್ದಾದ್ರೆ, ಅಂದ್ರೆ ಬಟ್ಟೆ ಅಗಲ ಅಷ್ಟಿದ್ರೆ, ಎರಡೂವರೆ ಮೀಟರ್ ತಗೊಳ್ಳಿ. ಬಣ್ಣ ಅವನೇ ಆರಿಸಲಿ.