ಮಳೆಯ ಮಧ್ಯಾಹ್ನ ಜಗಲಿಯಲ್ಲಿ ಯಾರಿರಬೇಕು?

ತೀರ್ಥಹಳ್ಳಿ ತಾಲೂಕಿನಿಂದ ತಾಯಿಯೊಬ್ಬರು ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಮಗ ಊರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಜುಲೈ ತಿಂಗಳ ಒಂದು ಮಧ್ಯಾಹ್ನ ಜೋರು ಮಳೆ. ಊಟ ಮುಗಿಸಿ ತಟ್ಟೆ ತೊಳೆಯಲು ಓಡಿದ ಹುಡುಗ ಒದ್ದೆ ಜಗಲಿಯಲ್ಲಿ ಜಾರಿ ಬಿದ್ದ. ಮೆಟ್ಟಿಲ ಅಂಚಿಗೆ ಬಾಯಿ ಬಡಿದು ತುಟಿ ಸೀಳಿತು, ಮುಂದಿನ ಹಲ್ಲೊಂದು ಒಳಕ್ಕೆ ಹೋಯಿತು. 'ಯಾರೂ ನೋಡ್ತಾ ಇರಲಿಲ್ವಾ?' ಎಂದು ಕೇಳಿದ್ದಕ್ಕೆ 'ಇರೋದೇ ನಾವಿಬ್ಬರು, ಎಲ್ಲಿ ಅಂತ ನೋಡೋದು' ಅಂದರಂತೆ ಟೀಚರು. ಊಟದ ಹೊತ್ತಿನಲ್ಲಿ ಮಕ್ಕಳು ಯಾರ ಜವಾಬ್ದಾರಿ? ಮಗನನ್ನು ಪೇಟೆಯ ಶಾಲೆಗೆ ಸೇರಿಸಿಬಿಡಲಾ? ಇದು ಅವರ ಪ್ರಶ್ನೆ.

ನಮಸ್ಕಾರ. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಹುಡುಗ ಈಗ ಗಂಜಿ, ಅನ್ನ ನುಂಗುತ್ತಿದ್ದಾನೆ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಓದಿ ಸಮಾಧಾನವಾಯಿತು.

ಮೊದಲ ಪ್ರಶ್ನೆಗೆ ಉತ್ತರ ನೇರವಾಗಿದೆ. ಬೆಳಿಗ್ಗೆ ಗೇಟಿನೊಳಗೆ ಬಂದ ಮಗು ಸಂಜೆ ಹೊರಗೆ ಹೋಗುವ ತನಕ ಶಾಲೆಯ ಸುಪರ್ದಿಯಲ್ಲೇ ಇರುತ್ತದೆ. ಊಟದ ಬೆಲ್ ಹೊಡೆದರೆ ಆ ಜವಾಬ್ದಾರಿಗೆ ಬಿಡುವು ಸಿಗುವುದಿಲ್ಲ. ಆದರೆ ಟೀಚರು ಹೇಳಿದ ಮಾತೂ ಸುಳ್ಳಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು. ನಿಮ್ಮ ಶಾಲೆಯಲ್ಲಿ 41 ಮಕ್ಕಳು ಅಂದಿದ್ದೀರಿ. ಅಂದರೆ ಲೆಕ್ಕದ ಪ್ರಕಾರ ಅಲ್ಲಿ ಯಾರೂ ಕಡಿಮೆ ಇಲ್ಲ. ಒಬ್ಬರು ಮೀಟಿಂಗಿಗೋ ತರಬೇತಿಗೋ ಹೋದ ದಿನ ಉಳಿಯುವುದು ಒಬ್ಬರೇ. ಬಡಿಸುವ ಮೊದಲು ರುಚಿ ನೋಡಬೇಕು, ಎಷ್ಟು ಮಕ್ಕಳು ಉಂಡರು ಎಂದು ಬರೆದಿಡಬೇಕು, ತಾವೂ ಎರಡು ತುತ್ತು ತಿನ್ನಬೇಕು. ಇದರ ಮಧ್ಯೆ 41 ಮಕ್ಕಳ ಕಾಲು ಎಲ್ಲಿ ಓಡುತ್ತಿದೆ ಎಂದು ನೋಡಬೇಕು.

ಬಿಸಿಲಿನ ದಿನ ಇದು ಹೇಗೋ ನಡೆದುಹೋಗುತ್ತದೆ. ಬೇಗ ಉಂಡವರು ಬಯಲಿಗೆ ಓಡುತ್ತಾರೆ, ನಿಧಾನದವರು ಜಗಲಿಯಲ್ಲಿ ಕೂತು ಮುಗಿಸುತ್ತಾರೆ. ಮಳೆ ಬಂದರೆ ಎಲ್ಲರೂ ಆ ಜಗಲಿಯಲ್ಲೇ. ನಮ್ಮ ಕಡೆಯ ಎಷ್ಟೋ ಶಾಲೆ ಕಟ್ಟಿದ್ದು ಬಿಸಿಯೂಟ ಬರುವುದಕ್ಕೆ ಮುಂಚೆ. ಆಗ ಮಕ್ಕಳು ಬುತ್ತಿ ತರುತ್ತಿದ್ದರು, ಹತ್ತಿರದವರು ಮನೆಗೇ ಹೋಗಿ ಉಂಡು ಬರುತ್ತಿದ್ದರು. ಜಗಲಿ ಇದ್ದದ್ದು ಓಡಾಡಲು. 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಶುರುವಾಯಿತು, ಆಮೇಲೆ ರಾಜ್ಯಕ್ಕೆಲ್ಲ ಬಂತು. ಶಾಲೆಗಳಿಗೆ ಅಡುಗೆಕೋಣೆ ಸಿಕ್ಕಿತು. ಕೂತು ಉಣ್ಣಲು ಜಾಗ ಹೆಚ್ಚಿನ ಕಡೆ ಸಿಗಲಿಲ್ಲ. ಆಗುಂಬೆಯಂಥ ಊರಿರುವ ತಾಲೂಕು ನಿಮ್ಮದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ಊಟವೇ ಜಾಸ್ತಿ, ಅಲ್ವಾ?

ಹೋದ ಮಳೆಗಾಲದಲ್ಲಿ ಹೊಸನಗರದ ಕಡೆ ಒಂದು ಶಾಲೆಯಲ್ಲಿ ಮಧ್ಯಾಹ್ನವಿಡೀ ಕೂತಿದ್ದೆ. ಅಲ್ಲಿ ನೋಡಿದ್ದನ್ನು ನಿಮಗೆ ಹೇಳಲೇಬೇಕು. ಜಗಲಿಯ ಮೇಲೆ ತಗಡಿನ ಶೀಟು. ಮಳೆ ಜೋರಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. 'ಓಡಬೇಡ್ರೋ' ಎಂದು ಟೀಚರ್ ಕೂಗಿದರೆ ಎದುರಿಗಿದ್ದವನಿಗೆ ಮಾತ್ರ ಕೇಳುತ್ತದೆ. ಹಾಗಾಗಿ ಅವರು ಕೂಗುವುದನ್ನೇ ಬಿಟ್ಟಿದ್ದರು. ಕೈಯಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಚಮಚ. ಎರಡು ಸಲ ಬಡಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಮಕ್ಕಳಿಗೆ ಅದೊಂದು ಆಟ. ಒಬ್ಬ ಹುಡುಗಿ ಒಂದು ಕಾಲೆತ್ತಿಕೊಂಡು ಹಾಗೇ ನಿಂತಿದ್ದಳು.

ಅದಕ್ಕಿಂತ ನನಗೆ ಹಿಡಿಸಿದ್ದು ಅವರು ನಿಂತ ಜಾಗ. ಅಡುಗೆಕೋಣೆಯ ಹತ್ತಿರವೂ ಅಲ್ಲ, ಆಫೀಸ್ ರೂಮಿನಲ್ಲೂ ಅಲ್ಲ. ಜಗಲಿ ಮುಗಿದು ನಲ್ಲಿ ಕಟ್ಟೆಗೆ ತಿರುಗುವ ಮೂಲೆಯಲ್ಲಿ. ಅಲ್ಲಿ ಎರಚಲು ಹೊಡೆಯುತ್ತದೆ, ತಟ್ಟೆ ತೊಳೆದ ನೀರು ಚೆಲ್ಲುತ್ತದೆ, ಅನ್ನದ ಅಗುಳು ಬಿದ್ದಿರುತ್ತದೆ. ಪಾಚಿ ಬೇರೆ. ಅಲ್ಲೊಂದು ಗೋಣಿಚೀಲ ಹಾಸಿದ್ದರು. ಐದೈದು ಮಕ್ಕಳನ್ನು ಬಿಡುತ್ತಿದ್ದರು. ಅವರು ವಾಪಸ್ ಬಂದ ಮೇಲೆ ಇನ್ನೈದು. ಎಲ್ಲರೂ ಉಂಡು ಮುಗಿಸುವವರೆಗೆ ಕೂರಿಸಿ, ಒಟ್ಟಿಗೆ ಎಬ್ಬಿಸುವ ಶಾಲೆಗಳನ್ನೂ ನೋಡಿದ್ದೇನೆ. ಅದು ಅಪಾಯ. ಕೂತು ಕೂತು ಸಾಕಾದ ಮಕ್ಕಳು ಎದ್ದ ಕೂಡಲೇ ಓಡುತ್ತಾರೆ. ನಿಮ್ಮ ಮಗ ಬಿದ್ದದ್ದೂ ಅಂಥದ್ದೇ ಜಾಗದಲ್ಲಿ. ಆ ಹೊತ್ತಿಗೆ ಆ ಮೂಲೆಯಲ್ಲಿ ಒಬ್ಬ ದೊಡ್ಡವರು ನಿಂತಿದ್ದರೆ ಸಾಕಿತ್ತು.

ಅದಕ್ಕೇ ನೀವು ಶಾಲೆಗೆ ಹೋದಾಗ 'ಯಾಕೆ ನೋಡಲಿಲ್ಲ' ಎಂದು ಕೇಳಬೇಡಿ. 'ಮಳೆ ಬಂದ ದಿನ ನಲ್ಲಿ ಹತ್ತಿರ ಯಾರು ನಿಲ್ಲುತ್ತೀರಿ' ಎಂದು ಕೇಳಿ. ಹೆಸರು ಹಿಡಿದೇ ಹೇಳಲಿ. ಎಲ್ಲರೂ ನೋಡಿಕೊಳ್ಳುತ್ತೇವೆ ಅಂದರೆ ಯಾರೂ ನೋಡುವುದಿಲ್ಲ ಎಂದೇ ಅರ್ಥ.

ಅಡುಗೆಯವರ ಮೇಲೆ ಈ ಕೆಲಸ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. 26ರಿಂದ 100 ಮಕ್ಕಳಿಗೆ ಇಬ್ಬರು ಅಡುಗೆಯವರು ಎಂಬುದು ನಿಯಮ. ಊಟದ ಹೊತ್ತಿನಲ್ಲಿ ಅವರ ಕಣ್ಣು ಬಿಸಿ ಪಾತ್ರೆಯ ಮೇಲೇ ಇರಬೇಕು. 2023ರ ನವೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ ಶಾಲೆಯೊಂದರಲ್ಲಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದ ಎರಡನೇ ತರಗತಿಯ ಬಾಲಕಿ ಬದುಕಲಿಲ್ಲ. ಒದ್ದೆ ನೆಲ, ಇಕ್ಕಟ್ಟು ಜಗಲಿ, ಮಧ್ಯೆ ಸಾಂಬಾರಿನ ಪಾತ್ರೆ ಎತ್ತಿಕೊಂಡು ನಡೆಯುವ ಹೆಂಗಸು. ನೆನೆದರೇ ಎದೆ ಝಲ್ಲೆನ್ನುತ್ತದೆ. ಮಳೆಯ ದಿನ ಮಕ್ಕಳು ಕೂತ ಮೇಲೆಯೇ ಪಾತ್ರೆ ಹೊರಗೆ ಬರಬೇಕು.

ಇನ್ನೊಂದು, ಕೊಡೆಗಳು. ಬಿಚ್ಚಿದ ಕೊಡೆಗಳನ್ನು ಜಗಲಿಯಲ್ಲಿ ಸಾಲಾಗಿ ಒಣಗಲು ಇಡುತ್ತಾರಲ್ಲ, ಅವುಗಳ ಕಡ್ಡಿ ಸಣ್ಣ ಮಕ್ಕಳ ಕಣ್ಣಿನ ಮಟ್ಟಕ್ಕೇ ಬರುತ್ತದೆ. ನೀರೂ ಅಲ್ಲೇ ಇಳಿಯುತ್ತದೆ. ಮಡಚಿ ತೂಗುಹಾಕಲು ಗೋಡೆಗೆ ಒಂದು ತಂತಿ ಕಟ್ಟಿದರೆ ಮುಗಿಯಿತು. ಶೌಚಾಲಯ ಅಂಗಳದ ಆಚೆಗಿದ್ದರೆ ದೊಡ್ಡ ಕ್ಲಾಸಿನ ಒಬ್ಬರು ಕೊಡೆ ಹಿಡಿದು ಸಣ್ಣವರ ಜೊತೆ ಹೋಗಲಿ. ಒಂದನೇ ಕ್ಲಾಸಿನವನು ಒಬ್ಬನೇ ಹೊರಟರೆ ಮಾಡಿನ ನೀರು ಬೀಳುವ ಚರಂಡಿ ಕಂಡ ಕೂಡಲೇ ಕಾಗದದ ದೋಣಿ ನೆನಪಾಗುತ್ತದೆ. ಅದು ಮಕ್ಕಳ ತಪ್ಪಲ್ಲ.

ಕೈ ತೊಳೆದು ಬಂದ ಮೇಲೆ ಅರ್ಧ ಗಂಟೆ ಉಳಿಯುತ್ತದೆ. ಪೆಟ್ಟು, ಜಗಳ, ತಳ್ಳಾಟ ಎಲ್ಲ ಆಗುವುದು ಆವಾಗಲೇ. ಸುಮ್ನೆ ಕೂತ್ಕೊಳ್ಳಿ ಎಂದರೆ ಆರು ವರ್ಷದ ಮಗು ಎಷ್ಟು ಹೊತ್ತು ಕೂತೀತು? ಒಂದರಿಂದ ಮೂರನೇ ತರಗತಿಗೆ, ಆಡುತ್ತಾ ಕಾರ್ಡುಗಳಿಂದ ಕಲಿಯುವ ನಲಿ-ಕಲಿ ಕೋಣೆ ಇರುತ್ತದೆ. ನೆಲದಲ್ಲಿ ಕೂರುವ ವ್ಯವಸ್ಥೆ, ಗೋಡೆಯಲ್ಲಿ ಚಿತ್ರ. ಸಣ್ಣವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಕಾರ್ಡುಗಳು ಹಾಳಾಗುತ್ತವೆ ಎಂದು ಊಟದ ಹೊತ್ತಿನಲ್ಲಿ ಬೀಗ ಹಾಕುವ ಶಾಲೆಗಳಿವೆ. ದಯವಿಟ್ಟು ಬೀಗ ತೆಗೆಸಿ. ಕಾರ್ಡುಗಳನ್ನು ಮೇಲೆತ್ತಿಟ್ಟರೆ ಆಯಿತು. ಹೊಸನಗರದ ಆ ಶಾಲೆಯಲ್ಲಿ ಎರಡು ಅಳಗುಳಿಮಣೆ ಇದ್ದವು, ಊರಿನ ಮನೆಗಳಿಂದ ಬಂದವು. ಹುಣಸೆಬೀಜದ ಡಬ್ಬಿ. ನೆಲದಲ್ಲಿ ಸೀಮೆಸುಣ್ಣದ ಚೌಕಾಬಾರ. ನಾಲ್ಕನೇ ಕ್ಲಾಸಿನವಳೊಬ್ಬಳು ಸಣ್ಣವರನ್ನು ಸುತ್ತ ಕೂರಿಸಿಕೊಂಡು ಒಗಟು ಕೇಳುತ್ತಿದ್ದಳು. ಟೀಚರ್ ಬಾಗಿಲಲ್ಲಿ ನಿಂತು ತಮ್ಮ ಊಟ ಮಾಡುತ್ತಿದ್ದರು. ತಟ್ಟೆ ಕೈಯಲ್ಲಿ, ಕಣ್ಣು ಮಕ್ಕಳ ಮೇಲೆ. ಅವರಿಗೂ ನೆಮ್ಮದಿಯಾಗಿ ಕೂತು ಉಣ್ಣುವ ಹಕ್ಕಿದೆ ಎಂದು ಆಗ ಅನಿಸಿತು.

ಇಲ್ಲೇ ನಿಮ್ಮಂಥವರು ಬೇಕಾಗುವುದು. ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಎತ್ತಿ. ಜುಲೈ, ಆಗಸ್ಟ್ ಎರಡು ತಿಂಗಳು, ದಿನಕ್ಕೊಬ್ಬ ತಾಯಿ ಅಥವಾ ಅಜ್ಜಿ ಊಟದ ಹೊತ್ತಿಗೆ ಒಂದು ಗಂಟೆ ಬಂದರೆ ಟೀಚರಿಗೆ ಒಂದು ಕೈ ಜಾಸ್ತಿಯಾಗುತ್ತದೆ. ನಾಟಿ ಸಮಯ, ಬಿಡುವಿಲ್ಲ ಎನ್ನುತ್ತಾರೆ, ಗೊತ್ತು. 41 ಮಕ್ಕಳಿದ್ದಾರೆ, ಒಂದೊಂದು ಮನೆಗೆ ಎರಡು ತಿಂಗಳಲ್ಲಿ ಒಂದೋ ಎರಡೋ ದಿನ ಬಂದೀತು. ಜಗಲಿಗೆ ಎರಚಲು ತಡೆಯುವ ಪರದೆ, ನಲ್ಲಿ ಕಟ್ಟೆಗೆ ಒರಟು ಕಲ್ಲು ಬೇಕೆಂದು ಪಂಚಾಯಿತಿಗೂ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ.

ಪೇಟೆ ಶಾಲೆಯ ಮಾತು. ಸೇರಿಸುವುದು ಬಿಡುವುದು ನಿಮಗೆ ಸೇರಿದ್ದು. ಸೇರಿಸುವ ಮೊದಲು ಮಳೆ ಬರುವ ಒಂದು ಮಧ್ಯಾಹ್ನ ಹೋಗಿ ನೋಡಿ. ಟೈಲ್ಸ್ ಹಾಕಿದ ವರಾಂಡ ನಮ್ಮ ಜಗಲಿಗಿಂತ ಜಾಸ್ತಿ ಜಾರುತ್ತದೆ. ಅಲ್ಲಿ ಮೂಲೆಯಲ್ಲಿ ಯಾರು ನಿಂತಿದ್ದಾರೆ ಎಂದು ನೋಡಿ, ಆಮೇಲೆ ತೀರ್ಮಾನ ಮಾಡಿ.

ಅದಕ್ಕಿಂತ ಮುಂಚೆ ಈ ವಾರವೇ ಹುಡುಗನನ್ನು ಹಲ್ಲಿನ ಡಾಕ್ಟರಿಗೆ ತೋರಿಸಿ. ಹಾಲುಹಲ್ಲು, ಹೇಗಿದ್ದರೂ ಬೀಳುತ್ತೆ ಎಂದು ಬಿಟ್ಟಿದ್ದೇವೆ ಅಂದಿದ್ದೀರಿ. ಒಳಕ್ಕೆ ಹೋದ ಹಾಲುಹಲ್ಲು ಮೇಲಿರುವ ಹೊಸ ಹಲ್ಲಿನ ಮೊಳಕೆಗೆ ತಗುಲಿರಬಹುದು. ಒಂದು ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ. ಡಾಕ್ಟರ್ ಏನಂದರು ಎಂದು ನನಗೂ ಒಂದು ಸಾಲು ಬರೆಯಿರಿ.

- ಸಂಪಾದಕರು