ಈ ಮಾತನ್ನು ಯಾರು ಯಾರಿಗೆ ಹೇಳಿದರು?

ಪತ್ರ: ಮಗಳು ಈ ವರ್ಷ ಎಫ್‌ವೈಬಿಎ, ಅಂದರೆ ಬಿಎ ಮೊದಲ ವರ್ಷ, ಸೇರಿದ್ದಾಳೆ. ಸಾಹಿತ್ಯ ಪರಿಚಯದ ಪೇಪರಿನಲ್ಲಿ ಕೆಲವು ಕವಿತೆ, ಎರಡು ಕತೆ, ಒಂದು ನಾಟಕ, ಒಂದು ಪ್ರಬಂಧ ಇಟ್ಟಿದ್ದಾರೆ. ರೈಸ್ ಪ್ಲೇಟಿನ ಹಾಗೆ ಎಲ್ಲವೂ ಒಂದೊಂದು ಚಮಚ. ಇದರ ಬದಲು ಒಂದೇ ಒಂದು ಒಳ್ಳೆಯ ಕಾದಂಬರಿಯನ್ನು ವರ್ಷವಿಡೀ ಓದಿಸಬಾರದೇ?
– ಓದುಗರೊಬ್ಬರು, ಡೊಂಬಿವಲಿ

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ದಪ್ಪ ಕಾದಂಬರಿಯೊಂದರ ಜೊತೆ ತಿಂಗಳುಗಟ್ಟಲೆ ಇರುವ ಸುಖವೇ ಬೇರೆ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಅಂಥವನ್ನು ಮುಗಿಸಿದವರು ನಮ್ಮ ಓದುಗರಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅದಕ್ಕೆ ಕಾಲೇಜು ಯಾಕೆ? ಮುಂದೇನಾಯಿತು ಅನ್ನುವ ಕುತೂಹಲವೇ ಪುಟ ತಿರುಗಿಸುತ್ತದೆ. ಕವಿತೆಗೂ ನಾಟಕಕ್ಕೂ ಆ ಭಾಗ್ಯ ಇಲ್ಲ. ಹದಿನೆಂಟರ ವಯಸ್ಸಿನಲ್ಲಿ ಯಾರೂ ಜೊತೆಗೆ ಕೂತು ಓದಿಸದಿದ್ದರೆ, ಆಮೇಲೆ ಅವುಗಳ ಕಡೆ ತಿರುಗಿಯೂ ನೋಡದವರೇ ಜಾಸ್ತಿ.

ಮುಂಬಯಿಗೆ ಒಗ್ಗುವ ಒಂದು ಉದಾಹರಣೆ ಕೊಡುತ್ತೇನೆ. ಮಹಾಭಾರತದ ಯಯಾತಿ ನಿಮಗೆ ಗೊತ್ತು. ಶಾಪದಿಂದ ಮುಪ್ಪು ಬಂತು, ಮಗ ಪೂರುವಿನಿಂದ ಯೌವನ ಪಡೆದ. ವಿ. ಸ. ಖಾಂಡೇಕರ್ 1959ರಲ್ಲಿ ಇದನ್ನು ಮರಾಠಿಯಲ್ಲಿ ಕಾದಂಬರಿ ಮಾಡಿದರು. ಎರಡೇ ವರ್ಷಕ್ಕೆ, 1961ರಲ್ಲಿ, ಗಿರೀಶ ಕಾರ್ನಾಡರ ಕನ್ನಡ ನಾಟಕ ಬಂತು. ಎರಡಕ್ಕೂ 'ಯಯಾತಿ' ಎಂದೇ ಹೆಸರು. ಕಾದಂಬರಿಯಲ್ಲಿ ಯಯಾತಿ, ದೇವಯಾನಿ, ಶರ್ಮಿಷ್ಠೆ ತಮ್ಮ ತಮ್ಮ ಕತೆಯನ್ನು ತಾವೇ ಹೇಳುತ್ತಾರೆ. ಪುಟಗಟ್ಟಲೆ ಮನಸ್ಸು ಬಿಚ್ಚಬಹುದು, ನಡುವೆ ಬಾಯಿ ಹಾಕುವವರಿಲ್ಲ. ನಾಟಕದಲ್ಲಿ ಆ ಸವಲತ್ತು ಎಲ್ಲಿ? ಎದುರಿಗೆ ಒಬ್ಬರು ನಿಂತಿರುತ್ತಾರೆ, ತಿರುಗಿ ಮಾತಾಡುತ್ತಾರೆ. ಕಾರ್ನಾಡರು ಪೂರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಕಲ್ಪಿಸಿ, ಇದ್ದಕ್ಕಿದ್ದಂತೆ ಮುದುಕನಾದ ಗಂಡನ ಎದುರು ತಂದು ನಿಲ್ಲಿಸಿದರು. ಆಮೇಲೆ ಮಾವನ ಎದುರು. ಪುರಾಣ ಮಗನ ತ್ಯಾಗವನ್ನು ಕೊಂಡಾಡುತ್ತದೆ. ಹಾಗಾದರೆ ನನ್ನ ಗತಿ ಏನು ಅಂತ ಈ ಹುಡುಗಿ ಕೇಳುತ್ತಾಳೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರೆ, ಕತೆ ಒಂದೇ ಆದರೂ ಕೇಳುವ ಪ್ರಶ್ನೆ ಯಾಕೆ ಬದಲಾಯಿತು ಎಂದು ನಿಮ್ಮ ಮಗಳೇ ನಿಮಗೆ ಹೇಳಿಯಾಳು. ಬರೀ ಕಾದಂಬರಿ ಓದಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಬೆರೆಸಿ ಓದುವುದು ನಮಗೇನು ಹೊಸದೇ? ಪಂಪನ ಕಾಲದಲ್ಲೇ ಚಂಪೂ ಇತ್ತು, ಗದ್ಯ ಪದ್ಯ ಎರಡೂ ಒಂದೇ ಕಾವ್ಯದಲ್ಲಿ. ನಂದಳಿಕೆಯ ಮುದ್ದಣನ 'ಶ್ರೀರಾಮಾಶ್ವಮೇಧಂ'ನಲ್ಲಿ ಅವನ ಹೆಂಡತಿ ಮನೋರಮೆ ಕತೆ ಶುರುವಾಗುವ ಮೊದಲೇ ತಕರಾರು ತೆಗೆಯುತ್ತಾಳೆ: ಪದ್ಯ ಬೇಡ, ಗದ್ಯದಲ್ಲೇ ಹೇಳು. ಯಾವ ಕಾಲೇಜಿಗೂ ಹೋಗದ ಆಕೆಗೆ ಇಷ್ಟು ಗೊತ್ತಿತ್ತು, ಅಲ್ವಾ?

ಹಿಂದೆ ಮುಂಬಯಿಗೆ ಬಂದ ನಮ್ಮೂರ ಹುಡುಗರ ವಿಷಯವೂ ಅಷ್ಟೇ. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ, ಬಿಡುವಾದಾಗ ತಾಳಮದ್ದಲೆ. ಅಲ್ಲಿ ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಅದೇ ಪದವನ್ನು ಆಗಿಂದಾಗ ಮಾತಾಗಿ ಬೆಳೆಸುತ್ತಾನೆ. ನಾಲ್ಕು ಸಾಲಿನ ಪದ ಅರ್ಧ ಗಂಟೆಯ ವಾದವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಪದ್ಯ ಎಲ್ಲಿ ಬಿಟ್ಟಿತು, ಗದ್ಯ ಎಲ್ಲಿಂದ ಎತ್ತಿಕೊಂಡಿತು ಅನ್ನುವುದು ನಡುರಾತ್ರಿಯವರೆಗೆ ಕೂತ ಆ ಹುಡುಗರ ಕಿವಿಗೆ ತಿಳಿಯುತ್ತಿತ್ತು. ಅದು 'ಸಾಹಿತ್ಯ ಪರಿಚಯ' ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಸಿಟ್ಟು ಮಾಡಬೇಕಾದ್ದು ನೀವು ಪಠ್ಯದ ಮೇಲಲ್ಲ, ಪರೀಕ್ಷೆಯ ಮೇಲೆ. ಕವಿತೆ ಇರಲಿ, ಕತೆ ಇರಲಿ, ಪ್ರಶ್ನೆ ಮಾತ್ರ ಅದೇ. ಸಾರಾಂಶ ಬರೆಯಿರಿ. ಸಂದರ್ಭ ಸಹಿತ ವಿವರಿಸಿ. ಈ ಮಾತನ್ನು ಯಾರು ಯಾರಿಗೆ ಹೇಳಿದರು? ಅರೆ, ನಾಟಕದಲ್ಲಿ ಅದನ್ನು ಪುಸ್ತಕವೇ ಅಚ್ಚು ಹಾಕಿ ಕೊಟ್ಟಿದೆಯಲ್ಲ! ಯಾವ ದನಿಯಲ್ಲಿ ಹೇಳಿದರು, ಕೇಳಿದವರು ಯಾಕೆ ಸುಮ್ಮನಾದರು ಅನ್ನುವುದನ್ನು ಕೇಳುವವರಿಲ್ಲ. ಕವಿತೆಯ ಸಾರಾಂಶ ಬರೆದ ಮೇಲೆ ಕವಿತೆಯಲ್ಲಿ ಏನು ಉಳಿಯುತ್ತದೋ ನಾನರಿಯೆ. ಪ್ರಬಂಧದ ಗತಿ ಇನ್ನೂ ಕೆಟ್ಟದ್ದು, ಅದನ್ನು ಪಾಠವನ್ನೇ ಮಾಡದೆ ಗೈಡಿಗೆ ಬಿಟ್ಟುಬಿಡುತ್ತಾರೆ. ಗೈಡಿನಲ್ಲಿ ಎಲ್ಲಕ್ಕೂ ಒಂದೇ ಉತ್ತರ: 'ಕವಿ ಇಲ್ಲಿ ಮಾನವೀಯ ಮೌಲ್ಯಗಳನ್ನು ಎತ್ತಿ ಹಿಡಿದಿದ್ದಾರೆ.' ನೀವು ಕೇಳುವ ದೊಡ್ಡ ಕಾದಂಬರಿ ಇಟ್ಟರೂ ಇದೇ ಹಣೆಬರಹ. ಮೂರು ಪುಟದ ಕಥಾಸಾರ ಉರು ಹೊಡೆದು ಪಾಸಾಗುತ್ತಾರೆ, ಪುಸ್ತಕ ಅಂಗಡಿಯಲ್ಲೇ ಉಳಿಯುತ್ತದೆ. ಕವಿತೆಗೆ ಆ ಮೋಸ ಅಷ್ಟು ಸುಲಭ ಅಲ್ಲ, ಇಪ್ಪತ್ತು ಸಾಲು ಕಣ್ಣೆದುರೇ ಇರುತ್ತವೆ.

ಈ ಭಾನುವಾರ ಮಗಳ ಪಠ್ಯದ ನಾಟಕ ತೆಗೆದು ಒಂದು ಪಾತ್ರ ನೀವು ಓದಿ, ಒಂದು ಅವಳು ಓದಲಿ. ಮನೆಯವರನ್ನೂ ಸೇರಿಸಿಕೊಳ್ಳಿ. ಮನಸ್ಸಿನಲ್ಲಿ ಸುಮ್ನೆ ಓದಿಕೊಂಡರೆ ಆಗದು, ದನಿ ಎತ್ತಿ ಓದಬೇಕು. ಅಂದಹಾಗೆ, ವರ್ಷವಿಡೀ ಓದಿಸಬೇಕಾದ ಆ ಕಾದಂಬರಿ ಯಾವುದು ಅಂತ ನೀವು ಬರೆದೇ ಇಲ್ಲ. ಮುಂದಿನ ಪತ್ರದಲ್ಲಿ ತಿಳಿಸಿ.