ಜಾಸ್ತಿ ಪರೀಕ್ಷೆ ಬರೆದರೆ ಸೀಟು ಸಿಗುವುದು ಸುಲಭ ಆಗುತ್ತದಾ?

ಶರಣ್ರಿ ಅಣ್ಣಾವ್ರೇ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಮಗಳು ಶಹಾಪುರದಲ್ಲಿ ಫಸ್ಟ್ ಪಿಯುಸಿ ಸೈನ್ಸ್, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ). ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಒಂದೇ ಸಾಲದು, ಜೆಇಇ, ಕಾಮೆಡ್‌ಕೆ, ಸಿಯುಇಟಿ ಎಲ್ಲ ಬರೆಸಿ, ಜೊತೆಗೆ ಅಮೆರಿಕದ ಎಪಿ ಪರೀಕ್ಷೆ ಮೂರು ವಿಷಯದಲ್ಲಿ ಬರೆಸಿದರೆ ಪ್ರೊಫೈಲ್ ಗಟ್ಟಿ ಆಗುತ್ತದೆ ಅಂತ ಒಬ್ಬ ಕೌನ್ಸೆಲರ್ ಹೇಳಿದ್ದಾರೆ. ದುಡ್ಡು ಹೊಂದಿಸುವ ಮುಂಚೆ ಇದು ನಿಜವಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಇದೇ ಪ್ರಶ್ನೆ ಹಿಡಿದುಕೊಂಡು ಪ್ರತಿ ವರ್ಷ ತಂದೆ ತಾಯಿಗಳು ಸ್ಟಾಫ್ ರೂಮಿಗೆ ಬರುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ಒಂದು ಪರೀಕ್ಷೆಯ ಅಂಕ ಯಾವ ಸೀಟಿಗೆ ಲೆಕ್ಕಕ್ಕೆ ಬರುತ್ತದೋ ಆ ಸೀಟಿಗೆ ಮಾತ್ರ ಅದರಿಂದ ಉಪಯೋಗ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟು ಕೊಡುವಾಗ ಯಾರೂ ಮಗುವಿನ ಪ್ರೊಫೈಲ್ ತೆಗೆದು ನೋಡುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ರ‍್ಯಾಂಕ್ ಪಟ್ಟಿ ಮಾಡುತ್ತದೆ. ಆ ರ‍್ಯಾಂಕಿಗೆ ಎರಡೇ ಅಂಕಿ ಬೇಕು: ಪಿಯುಸಿಯ ಪಿಸಿಎಂ ಅಂಕದ ಅರ್ಧ, ಸಿಇಟಿ ಅಂಕದ ಅರ್ಧ. ಎಪಿಯಲ್ಲಿ ಐದಕ್ಕೆ ಐದು ಬಂದರೂ ಅದನ್ನು ತುಂಬಲು ಆ ಅರ್ಜಿಯಲ್ಲಿ ಜಾಗವೇ ಇಲ್ಲ. ಡಾಕ್ಟರ್ ಆಗಬೇಕು ಅಂದರೆ ನೀಟ್ ಒಂದೇ. ಅಲ್ಲಿ ಪಿಯುಸಿ ಅಂಕವೂ ಅರ್ಹತೆಗೆ ಮಾತ್ರ, ರ‍್ಯಾಂಕಿಗೆ ಸೇರುವುದಿಲ್ಲ. ಇನ್ನು ಕಲಬುರಗಿಯಲ್ಲಿ ಸಾಮಾನ್ಯ ಬಿಎಸ್ಸಿ, ಬಿಕಾಂ ಸೇರಲು ಪಿಯುಸಿ ಅಂಕಪಟ್ಟಿ ಸಾಕು.

"ಎಲ್ಲಾ ಬರೀಲಿ ಬಿಡ್ರಿ ಸರ್, ಒಂದಾದ್ರೂ ಹತ್ತತದ" ಅಂತ ನಮ್ಮ ಕಡೆ ಬಹಳ ಜನ ಹೇಳುತ್ತಾರೆ. ಅವರ ಆತಂಕ ನನಗೆ ಅರ್ಥ ಆಗುತ್ತದೆ. ಆದರೆ ಕ್ಯಾಲೆಂಡರ್ ತೆಗೆದು ನೋಡಿ. ಪಿಯುಸಿ ಬೋರ್ಡ್ ಪರೀಕ್ಷೆ ಮುಗಿಯುವಷ್ಟರಲ್ಲಿ ಮಾರ್ಚ್ ಹತ್ತಿರ ಹತ್ತಿರ ಕಳೆದಿರುತ್ತದೆ. ಏಪ್ರಿಲ್‌ನಲ್ಲಿ ಜೆಇಇ ಮೇನ್ ಎರಡನೇ ಸೆಷನ್ ಮತ್ತು ಸಿಇಟಿ. ಮೇ ಬಂದರೆ ನೀಟ್, ಕಾಮೆಡ್‌ಕೆ, ಸಿಯುಇಟಿ, ಆಗಾಗ ಜೆಇಇ ಅಡ್ವಾನ್ಸ್ಡ್ ಕೂಡ. ಎಪಿ ಪರೀಕ್ಷೆಗಳೂ ಸರಿಯಾಗಿ ಮೇ ಮೊದಲ ಎರಡು ವಾರದಲ್ಲೇ ಬರುತ್ತವೆ. ಅದರ ಸೆಂಟರ್ ಯಾದಗಿರಿಯಲ್ಲೂ ಇಲ್ಲ, ಕಲಬುರಗಿಯಲ್ಲೂ ಇಲ್ಲ. ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು. ನಮ್ಮ ಕಡೆಯ ಮೇ ಬಿಸಿಲಲ್ಲಿ ಮಗು ರೈಲಲ್ಲಿ ಓಡಾಡಿ ಬಂದು, ಮರುದಿನ ಇನ್ನೊಂದು ಪರೀಕ್ಷೆಗೆ ಓದಬೇಕು. ಇಷ್ಟೆಲ್ಲ ಹಾಲ್ ಟಿಕೆಟ್ ಇಟ್ಟುಕೊಂಡ ಮಕ್ಕಳು ಸಿಇಟಿ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಅಭ್ಯಾಸ ಮಾಡುವುದಕ್ಕೇ ಸಮಯ ಸಿಗದೆ ಒದ್ದಾಡುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ. ಬುದ್ಧಿವಂತ ಮಕ್ಕಳು ಅವರು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ಒಂದೊಂದಾಗಿ ನೋಡೋಣ.

ಜೆಇಇ ಮೇನ್ ಬರೆಯಲಿ. ಇದನ್ನು ನಾನು ಹೊರೆ ಅಂತ ಹೇಳುವುದಿಲ್ಲ. ನಮ್ಮ ಪಿಯುಸಿ ಸೈನ್ಸ್ ಪಠ್ಯವೂ ಎನ್‌ಸಿಇಆರ್‌ಟಿ, ಅದರ ಬುನಾದಿಯೂ ಅದೇ. ಪ್ರಶ್ನೆಗಳು ಸಿಇಟಿಗಿಂತ ಕಷ್ಟ, ಆದರೆ ಓದಬೇಕಾದ ಅಧ್ಯಾಯಗಳು ಹೆಚ್ಚು ಕಡಿಮೆ ಅವೇ. ಕನ್ನಡದಲ್ಲೂ ಬರೆಯಬಹುದು. ಸುರತ್ಕಲ್‌ನಲ್ಲಿರುವ ಕೇಂದ್ರದ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಯಲ್ಲಿ ಅರ್ಧ ಸೀಟು ಕರ್ನಾಟಕದಲ್ಲಿ ಪಿಯುಸಿ ಪಾಸಾದವರಿಗೇ ಮೀಸಲು, ಅದು ಸಿಗುವುದು ಜೆಇಇ ಮೇನ್ ಮೂಲಕ. ನಮ್ಮ ಪಕ್ಕದ ರಾಯಚೂರಿನ ಐಐಐಟಿಗೂ ಇದೇ ಅಂಕ. ಬೆಂಗಳೂರಿನ ಐಐಎಸ್‌ಸಿಯಲ್ಲಿ ವಿಜ್ಞಾನದ ಪದವಿಗೂ ಇದನ್ನು ನೋಡುತ್ತಾರೆ. ಒಂದು ವಿಷಯ ಮರೆಯಬೇಡಿ. ಎನ್‌ಐಟಿ ಸೀಟು ಬೇಕಾದರೆ ಪಿಯುಸಿಯಲ್ಲಿ 75% ಬೇಕು ಅಥವಾ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗೆ ಇರಬೇಕು. ಎಸ್‌ಸಿ, ಎಸ್‌ಟಿ ಮಕ್ಕಳಿಗೆ 65%. ಅಂದರೆ ಅಲ್ಲೂ ಪಿಯುಸಿ ಬಿಡುವ ಹಾಗಿಲ್ಲ.

ಐಐಟಿ ಸೀಟಿಗೆ ಬೇಕಾದ ಜೆಇಇ ಅಡ್ವಾನ್ಸ್ಡ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮೇನ್‌ನಲ್ಲಿ ಮೇಲಿನ ಸುಮಾರು ಎರಡೂವರೆ ಲಕ್ಷ ಮಕ್ಕಳಿಗೆ ಮಾತ್ರ ಅದನ್ನು ಬರೆಯಲು ಅವಕಾಶ. ಅದೂ ಸತತ ಎರಡು ವರ್ಷದಲ್ಲಿ ಎರಡೇ ಸಲ. ಐಐಟಿ ಬೇಡ ಅಂದರೂ ಇದರಿಂದ ಒಂದು ಉಪಯೋಗ ಇದೆ, ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ನಮ್ಮ ಹನ್ನೆರಡನೇ ತರಗತಿ ಒಂದನ್ನೇ ನೋಡಿ ನೇರವಾಗಿ ಸೇರಿಸಿಕೊಳ್ಳುವುದಿಲ್ಲ. ಇಲ್ಲಿ ಒಂದು ವರ್ಷ ಕಾಲೇಜು ಓದಿರಬೇಕು, ಇಲ್ಲವೇ ಅಲ್ಲಿ ಪೂರ್ವಭಾವಿ ಕೋರ್ಸ್ ಮಾಡಬೇಕು. ಆದರೆ ಜೆಇಇ ಅಡ್ವಾನ್ಸ್ಡ್ ಪಾಸಾದ ಮಗು ಎಂಜಿನಿಯರಿಂಗ್, ವಿಜ್ಞಾನದ ವಿಷಯಗಳಿಗೆ ನೇರ ಅರ್ಜಿ ಹಾಕಬಹುದು.

ಕಾಮೆಡ್‌ಕೆಗೆ ಅರ್ಜಿ ಹಾಕುವ ಮುಂಚೆ ಮನೆಯಲ್ಲಿ ಕೂತು ಒಂದು ಮಾತು ಆಡಿ. ಅದರಲ್ಲಿ ಸಿಗುವುದು ಖಾಸಗಿ ಕಾಲೇಜಿನ ಸೀಟು, ಫೀಸು ಸಿಇಟಿ ಸೀಟಿಗಿಂತ ಬಹಳ ಜಾಸ್ತಿ. ರ‍್ಯಾಂಕ್ ಬಂದರೂ ಅಷ್ಟು ಫೀಸು ಕಟ್ಟಲು ಆಗುವುದಿಲ್ಲ ಅಂತ ಈಗಲೇ ಗೊತ್ತಿದ್ದರೆ ಆ ಪರೀಕ್ಷೆ ಯಾಕೆ ಬೇಕು? ಕಟ್ಟಲು ಆಗುತ್ತದೆ ಅಂದರೆ ಬರೆಯಲಿ. ನೆಗೆಟಿವ್ ಮಾರ್ಕಿಂಗ್ ಇಲ್ಲ, ಸಿಇಟಿ ತಯಾರಿಯೇ ಸಾಕಾಗುತ್ತದೆ.

ಸಿಯುಇಟಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ. ನಮ್ಮ ಆಳಂದ ತಾಲೂಕಿನ ಕಡಗಂಚಿಯಲ್ಲೇ ಒಂದು ಇದೆ ಅಲ್ವಾ, 2009ರಲ್ಲಿ ಶುರುವಾದದ್ದು. ಅಲ್ಲಿ ಅಥವಾ ದೆಹಲಿ, ಹೈದರಾಬಾದ್ ಕಡೆ ಪದವಿ ಓದುವ ಮನಸ್ಸಿದ್ದರೆ ಬರೆಯಲಿ. ಇಲ್ಲದಿದ್ದರೆ ಬಿಡಿ.

ಈಗ ಎಪಿ ವಿಷಯ. ನಿಮ್ಮ ಪ್ರಶ್ನೆಯಲ್ಲಿ ದುಡ್ಡು ಜಾಸ್ತಿ ಹೋಗುವುದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಎಪಿ ಅಂದರೆ ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವ ಪರೀಕ್ಷೆ. ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಮೊದಲ ವರ್ಷದ ಮಟ್ಟದ ವಿಷಯ ಓದಿ ಬರೆಯುವುದು. ಅಂಕ 1ರಿಂದ 5ರವರೆಗೆ. ಅಲ್ಲಿನ ವಿಶ್ವವಿದ್ಯಾಲಯಗಳು ಅರ್ಜಿಯನ್ನು ಒಟ್ಟಾರೆ ನೋಡುತ್ತವೆ, ಮಗು ಎಷ್ಟು ಕಷ್ಟದ ವಿಷಯ ತೆಗೆದುಕೊಂಡಿದೆ ಅಂತಲೂ ನೋಡುತ್ತವೆ. ಆದ್ದರಿಂದ ಅಲ್ಲಿ ಎಪಿಗೆ ಬೆಲೆ ಇದೆ, ಅದು ಸುಳ್ಳಲ್ಲ. ಆದರೆ ಅವರು ನೋಡುವುದು ಆ ಶಾಲೆಯಲ್ಲಿ ಏನು ಸಿಗುತ್ತದೋ ಅದರಲ್ಲಿ ಮಗು ಏನು ಆರಿಸಿಕೊಂಡಿದೆ ಅಂತ. ಶಹಾಪುರದ ಪಿಯು ಕಾಲೇಜಿನಲ್ಲಿ ಎಪಿ ಪಾಠವೇ ಇಲ್ಲ. ಇಲ್ಲದ್ದನ್ನು ಬರೆಯಲಿಲ್ಲ ಅಂತ ಯಾರೂ ಅಂಕ ಕಳೆಯುವುದಿಲ್ಲ. ಪಿಸಿಎಂಬಿ ನಾಲ್ಕೂ ವಿಷಯ ತೆಗೆದುಕೊಂಡದ್ದೇ ನಮ್ಮಲ್ಲಿ ಕಷ್ಟದ ದಾರಿ.

ಸಮಯದ ಲೆಕ್ಕ ಇನ್ನೂ ಮುಖ್ಯ. ಇದನ್ನು ಆ ಕೌನ್ಸೆಲರ್ ನಿಮಗೆ ಹೇಳಿದ ಹಾಗೆ ಕಾಣುವುದಿಲ್ಲ. ಅಮೆರಿಕದ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಕೊನೆ ದಿನ ಜನವರಿ ಆಸುಪಾಸು. ಮಗಳು ಸೆಕೆಂಡ್ ಪಿಯುಸಿ ಮುಗಿಸಿ ಮೇಯಲ್ಲಿ ಎಪಿ ಬರೆದರೆ ಅಷ್ಟರಲ್ಲಿ ಅಲ್ಲಿನ ತೀರ್ಮಾನ ಆಗಿಹೋಗಿರುತ್ತದೆ. ಅಂಕ ಬರುವುದೇ ಜುಲೈಯಲ್ಲಿ. ಸೀಟು ಸಿಗುವುದಕ್ಕೆ ಅದು ಉಪಯೋಗ ಆಗಬೇಕಾದರೆ ಫಸ್ಟ್ ಪಿಯುಸಿ ಮುಗಿದ ಮೇಯಲ್ಲೇ ಬರೆದಿರಬೇಕು. ಅದಕ್ಕೆ ತಿಂಗಳುಗಟ್ಟಲೆ ಮುಂಚೆ ಹೆಸರು ಕೊಟ್ಟಿರಬೇಕು. ಸೆಕೆಂಡ್ ಪಿಯುಸಿ ಆದ ಮೇಲೆ ಬರೆದದ್ದಕ್ಕೆ ಉಳಿಯುವ ಲಾಭ ಒಂದೇ: ಆಗಲೇ ಸೀಟು ಸಿಕ್ಕಿದ್ದರೆ, 4 ಅಥವಾ 5 ಬಂದ ವಿಷಯಕ್ಕೆ ಕೆಲವು ಕಡೆ ಕ್ರೆಡಿಟ್ ಕೊಡುತ್ತಾರೆ. ಆ ಕೋರ್ಸ್ ಮತ್ತೆ ಓದಬೇಕಿಲ್ಲ, ಅದರ ಫೀಸು ಉಳಿಯುತ್ತದೆ. ಅಲ್ಲಿನ ಫೀಸಿಗೆ ಅದೂ ಸಣ್ಣ ಮೊತ್ತ ಅಲ್ಲ.

ನಿಜವಾಗಿ ಅಮೆರಿಕ ಮನಸ್ಸಿನಲ್ಲಿದ್ದರೆ ಮೊದಲು ಎಸ್‌ಎಟಿ, ಅಂದರೆ ಅಲ್ಲಿನ ಕಾಲೇಜು ಪ್ರವೇಶಕ್ಕೆ ನೋಡುವ ಪರೀಕ್ಷೆ, ಅದನ್ನು ನೋಡಿ. ಕೋವಿಡ್ ಸಮಯದಲ್ಲಿ ಅದನ್ನು ಬಿಟ್ಟಿದ್ದ ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು, ಆಮೇಲೆ ಇನ್ನೂ ಕೆಲವು ಮಾಡಿದವು. ಇನ್ನೊಂದು ವಿಷಯ ಫಸ್ಟ್ ಪಿಯುಸಿ ಅಂಕ. ನಮ್ಮ ಕಡೆ ಅದು ಪಾಸಾದರೆ ಸಾಕು ಅಂತ ಮಕ್ಕಳು ಮಲಗಿಬಿಡುತ್ತಾರೆ, ಕೆಲವು ಕಾಲೇಜುಗಳೂ ಸುಮ್ನೆ ಬಿಟ್ಟುಬಿಡುತ್ತವೆ. ಅಲ್ಲಿ ಒಂಬತ್ತನೇ ತರಗತಿಯಿಂದ ನಾಲ್ಕೂ ವರ್ಷದ ಅಂಕ ಕೇಳುತ್ತಾರೆ. ಮಗಳು ಈಗ ಅದೇ ವರ್ಷದಲ್ಲಿ ಇದ್ದಾಳೆ. ಮೂರು ಎಪಿ ಪೇಪರಿಗಿಂತ ಈ ವರ್ಷದ ಅಂಕಪಟ್ಟಿಯ ಕಡೆ ಗಮನ ಕೊಡುವುದು ಅವಳಿಗೆ ಒಳ್ಳೆಯದು.

ಇಂಗ್ಲೆಂಡಿನದು ಬೇರೆ ಕಥೆ. ಅಲ್ಲಿನ ಮಕ್ಕಳಿಗೆ ನಮ್ಮ ಸೆಕೆಂಡ್ ಪಿಯುಸಿ ಹಾಗೆ ಎ ಲೆವೆಲ್ ಅಂತ ಪರೀಕ್ಷೆ ಇದೆ, ಸೀಟು ಸಾಮಾನ್ಯವಾಗಿ ಮೂರು ವಿಷಯದ ಗ್ರೇಡ್ ಮೇಲೆ ಕೊಡುತ್ತಾರೆ. ನಾಲ್ಕನೆಯದು ಬರೆದು ಮೂರರಲ್ಲೂ ಗ್ರೇಡ್ ಇಳಿಸಿಕೊಂಡರೆ ನಷ್ಟವೇ. ನಮ್ಮ ಮಕ್ಕಳಿಗೆ ಬರುವ ತೊಡಕು ಇನ್ನೊಂದು. ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ರಾಜ್ಯ ಬೋರ್ಡಿನ ಪಿಯುಸಿ ಒಂದೇ ಸಾಲದು ಅನ್ನುತ್ತವೆ. ಅಂಥ ಕಡೆ ಎಪಿ, ಎ ಲೆವೆಲ್‌ನಂಥ ಇನ್ನೊಂದು ಅರ್ಹತೆ ಇಲ್ಲದೆ ಅರ್ಜಿಯೇ ನಿಲ್ಲುವುದಿಲ್ಲ. ಹಾಗಾಗಿ ಯಾವ ವಿಶ್ವವಿದ್ಯಾಲಯ ಅಂತ ಹೆಸರು ಮೊದಲು ಗೊತ್ತಾಗಬೇಕು. ಅವರ ವೆಬ್‌ಸೈಟಿನಲ್ಲಿ ಭಾರತದ ವಿದ್ಯಾರ್ಥಿಗಳಿಗೆ ಅಂತ ಪ್ರತ್ಯೇಕ ಪುಟ ಇರುತ್ತದೆ. ಆ ಕೌನ್ಸೆಲರ್ ಎದುರಿಗೇ ತೆಗೆಸಿ ಓದಿ. ಹೆಸರು ಹೇಳದೆ ಬರೀ "ಪ್ರೊಫೈಲ್" ಅನ್ನುತ್ತಿದ್ದರೆ ಎದ್ದು ಬನ್ನಿ.

ಯಾರೂ ಮಾರಲು ಬರದ ಕೆಲವು ವಿಷಯಗಳು ನಿಮ್ಮ ಮಗಳಿಗೆ ಇದಕ್ಕಿಂತ ಜಾಸ್ತಿ ಉಪಯೋಗ ಆಗುತ್ತವೆ. ಮೊದಲನೆಯದು ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದವರಿಗೆ ಇಲ್ಲಿನ ಕಾಲೇಜುಗಳ ಸರ್ಕಾರಿ ಕೋಟಾದಲ್ಲಿ 70% ಸೀಟು, ರಾಜ್ಯದ ಉಳಿದ ಕಡೆ 8% ಸೀಟು ಮೀಸಲಿದೆ. ಅದನ್ನು ಪಡೆಯಲು ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪತ್ರ ಬೇಕು. ನಿಮಗೆ ಯಾದಗಿರಿಯ ಎಸಿ ಆಫೀಸು. ಸಿಇಟಿ ಅರ್ಜಿ ಹಾಕುವ ಹೊತ್ತಿಗೆ ಓಡಾಡಲು ಹೋದರೆ ಸಾಲು ದೊಡ್ಡದಿರುತ್ತದೆ, ಈಗಲೇ ಮಾಡಿಸಿಬಿಡಿ. ಹೆಸರಿನ ಸ್ಪೆಲ್ಲಿಂಗ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಲಿ. ಮಗಳು ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ 15% ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮ ಆಗಿದ್ದರೆ ಅದಕ್ಕೆ 5% ಬೇರೆ. ಈ ಕಾಗದಗಳು ರ‍್ಯಾಂಕ್ ಬದಲಿಸುವುದಿಲ್ಲ, ಆದರೆ ಅದೇ ರ‍್ಯಾಂಕಿಗೆ ಸಿಗುವ ಕಾಲೇಜು ಬದಲಾಗುತ್ತದೆ.

ಎರಡನೆಯದು ಪಿಯುಸಿ ಅಂಕ. ಲೆಕ್ಕ ಹಾಕಿ ನೋಡಿ. ಪಿಸಿಎಂ ಒಟ್ಟು 300, ಸಿಇಟಿ ಒಟ್ಟು 180. ಎರಡಕ್ಕೂ ಸಮಪಾಲು. ಪಿಯುಸಿಯಲ್ಲಿ ಆರು ಅಂಕ ಜಾಸ್ತಿ ತೆಗೆದರೆ ಸಿಇಟಿಯಲ್ಲಿ ಮೂರೂವರೆ ಪ್ರಶ್ನೆ ಸರಿ ಮಾಡಿದಷ್ಟೇ ಲಾಭ. ಆರು ಅಂಕ ಅಂದರೆ ಏನು? ಪ್ರಾಕ್ಟಿಕಲ್ ರೆಕಾರ್ಡ್ ಸರಿಯಾಗಿ ಬರೆಯುವುದು, ಡೆರಿವೇಶನ್‌ಗೆ ಚಿತ್ರ ಹಾಕುವುದು, ಉತ್ತರಕ್ಕೆ ಯೂನಿಟ್ ಬರೆಯುವುದು. ನಾನು ಪೇಪರ್ ತಿದ್ದುವಾಗ ಒಳ್ಳೆಯ ಮಕ್ಕಳು ಇಂಥದ್ದರಲ್ಲೇ ಅಂಕ ಕಳೆದುಕೊಳ್ಳುತ್ತಾರೆ. 2024ರಿಂದ ಅದೇ ವರ್ಷದಲ್ಲಿ ಬೋರ್ಡ್ ಪರೀಕ್ಷೆ ಮತ್ತೆ ಬರೆದು ಅಂಕ ಹೆಚ್ಚಿಸಿಕೊಳ್ಳಲು ಅವಕಾಶವೂ ಇದೆ. ಹೆಚ್ಚುವರಿ ಪರೀಕ್ಷೆ ಅಂತ ಬರೆಯಲೇಬೇಕಾದರೆ, ಅಂಕ ಕಡಿಮೆ ಬಂದ ಮಗುವಿಗೆ ನಾನು ಮೊದಲು ಹೇಳುವುದು ಅದನ್ನೇ.

ಇನ್ನೂ ಒಂದು ಇದೆ. ನಿಮ್ಮ ಮನೆಗೆ ಹೊಲ ಇದ್ದು, ಮಗಳಿಗೆ ಬಿಎಸ್ಸಿ ಅಗ್ರಿ ಕಡೆ ಒಲವಿದ್ದರೆ ಕೃಷಿಕರ ಕೋಟಾ ಗಮನಿಸಿ. ಅದಕ್ಕೆ ಸಿಇಟಿ ಜೊತೆ ಒಂದು ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಬೀಜ, ಬೆಳೆ, ಗೊಬ್ಬರ, ಸಲಕರಣೆ ಗುರುತಿಸುವುದು ಇರುತ್ತದೆ, ಆ ಅಂಕ ರ‍್ಯಾಂಕಿಗೆ ಸೇರುತ್ತದೆ. ತೊಗರಿ, ಹತ್ತಿ, ಭತ್ತ ನೋಡುತ್ತಾ ಬೆಳೆದ ಹುಡುಗಿಗೆ ಕೋಚಿಂಗ್ ಬೇಕಿಲ್ಲ, ಅಪ್ಪನ ಜೊತೆ ನಾಲ್ಕು ಸಲ ಹೊಲಕ್ಕೂ ಬೀಜದ ಅಂಗಡಿಗೂ ಹೋಗಿ ಬಂದರೆ ಅರ್ಧ ತಯಾರಿ ಆಯಿತು. ನಿಮ್ಮ ಪಕ್ಕದ ಭೀಮರಾಯನಗುಡಿಯಲ್ಲೇ ಕೃಷಿ ಕಾಲೇಜು ಇದೆ. ಇಂಥ ಪರೀಕ್ಷೆ ಇದೆ ಅಂತ ಗೊತ್ತಿಲ್ಲದೆ ಅರ್ಜಿಯಲ್ಲಿ ಆ ಕಾಲಂ ಖಾಲಿ ಬಿಟ್ಟ ಮಕ್ಕಳು ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಜನ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸಿಇಟಿ, ಜೆಇಇ ಮೇನ್ ಎರಡನ್ನೇ ಹಿಡಿಯುತ್ತಿದ್ದೆ. ಡಾಕ್ಟರ್ ಆಸೆ ಇದ್ದರೆ ಜೆಇಇ ಜಾಗದಲ್ಲಿ ನೀಟ್. ಎಪಿಗೆ ಈಗ ದುಡ್ಡು ಕಟ್ಟುತ್ತಿರಲಿಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಮಗಳಿಗೆ ಏನು ಇಷ್ಟ ಅಂತ ಎಲ್ಲೂ ಇಲ್ಲ. ಗಣಿತವಾ, ಬಯಾಲಜಿಯಾ, ಹೊರದೇಶ ಅನ್ನುವುದು ಅವಳ ಆಸೆಯಾ ಅಥವಾ ಕೌನ್ಸೆಲರ್ ಮಾತಾ? ಅವಳನ್ನೇ ಕೂರಿಸಿಕೊಂಡು ಕೇಳಿ ಇಲ್ಲೇ ಬರೆಯಿರಿ. ಅದಕ್ಕೆ ತಕ್ಕ ಹಾಗೆ ಯಾವುದು ಬೇಕು, ಯಾವುದು ಬೇಡ ಅಂತ ಹೇಳುತ್ತೇನೆ.